ಮಗುವಿಗೆ ಹಲ್ಲಿನ ಕ್ಲಿಪ್: ಯಾವಾಗ, ಯಾರ ಕೈಯಲ್ಲಿ?

ಮಗುವಿನ ಹಲ್ಲು ಸೊಟ್ಟಗೆ ಬಂತು ಅಂದಾಗ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳುತ್ತವೆ. "ಇನ್ನೂ ಚಿಕ್ಕವಳು, ಎಲ್ಲ ಹಲ್ಲೂ ಬರಲಿ, ಆಮೇಲೆ ಕ್ಲಿಪ್ ಹಾಕಿಸಿದರಾಯಿತು" ಎಂಬುದು ಒಂದು. "ಎಷ್ಟಾಗುತ್ತದಂತೆ?" ಎಂಬುದು ಇನ್ನೊಂದು. ಮೊದಲನೆಯ ಮಾತು ಬಹಳಷ್ಟು ಮಕ್ಕಳ ಮಟ್ಟಿಗೆ ನಿಜ, ಆದರೆ ಕೆಲವು ಮಕ್ಕಳ ಮಟ್ಟಿಗೆ ದುಬಾರಿ ತಪ್ಪು. ಎರಡನೆಯದು ಕೇಳಲೇಬೇಕಾದ ಪ್ರಶ್ನೆ, ಆದರೆ ಅದಕ್ಕೂ ಮುಂಚೆ "ಯಾರು ಮಾಡುತ್ತಾರೆ?" ಎಂದು ಕೇಳಬೇಕು. ಕ್ಲಿಪ್ ಹಾಕುವುದು ಒಂದು ದಿನದ ಕೆಲಸ. ಆಮೇಲೆ ಒಂದೂವರೆ, ಎರಡು ವರ್ಷ ಪ್ರತಿ ತಿಂಗಳೂ ಯಾವ ಹಲ್ಲು ಎಷ್ಟು ಸರಿಯಬೇಕು, ಯಾವುದು ಕದಲಬಾರದು ಎಂದು ನೋಡಿ ನಡೆಸುವುದೇ ನಿಜವಾದ ಚಿಕಿತ್ಸೆ. ಕ್ಲಿಪ್ ಯಾವ ಕಂಪನಿಯದು ಎಂಬುದಕ್ಕಿಂತ ಕೈ ಯಾರದು ಎಂಬುದರ ಮೇಲೆ ಫಲ ನಿಂತಿದೆ.

ಏಳು ವರ್ಷಕ್ಕೆ ಒಮ್ಮೆ ತೋರಿಸಿ

ಹಲ್ಲು ಜೋಡಿಸುವ ತಜ್ಞರಿಗೆ ಆರ್ಥೊಡಾಂಟಿಸ್ಟ್ ಎನ್ನುತ್ತಾರೆ. ಮಗುವನ್ನು ಏಳು ವರ್ಷ ತುಂಬುವ ಹೊತ್ತಿಗೆ ಒಮ್ಮೆ ಇವರಿಗೆ ತೋರಿಸಬೇಕು ಎಂಬುದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘದ ಸಲಹೆ. ಆ ವಯಸ್ಸಿಗೆ ಸಾಮಾನ್ಯವಾಗಿ ಮೊದಲ ಶಾಶ್ವತ ದವಡೆ ಹಲ್ಲುಗಳೂ ಕೆಲವು ಬಾಚಿಹಲ್ಲುಗಳೂ ಬಂದಿರುತ್ತವೆ. ಮೇಲಿನ ದವಡೆ ಕೆಳಗಿನದರ ಮೇಲೆ ಹೇಗೆ ಕೂರುತ್ತಿದೆ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ತೋರಿಸಿದ ಮಾತ್ರಕ್ಕೆ ಕ್ಲಿಪ್ ಹಾಕಿಬಿಡುತ್ತಾರೆ ಎಂದು ಹೆದರಬೇಕಾಗಿಲ್ಲ. ಹೆಚ್ಚಿನ ಮಕ್ಕಳಿಗೆ ಸಿಗುವ ಉತ್ತರ "ಈಗ ಏನೂ ಬೇಡ, ಒಂದು ವರ್ಷ ಬಿಟ್ಟು ಬನ್ನಿ" ಎಂದೇ.

ಈ ವಯಸ್ಸಿನಲ್ಲಿ ತಾಯಂದಿರನ್ನು ಹೆಚ್ಚು ಕಾಡುವುದು ಮೇಲಿನ ಎರಡು ಮುಂಹಲ್ಲುಗಳ ನಡುವಿನ ಸಂದು. ಏಳರಿಂದ ಹನ್ನೊಂದು ವರ್ಷದ ನಡುವೆ ಇದು ಸಹಜ. ಮೇಲೆ ಮೂಳೆಯೊಳಗೆ ಕಾದು ಕುಳಿತ ಕೋರೆಹಲ್ಲುಗಳು ಮುಂಹಲ್ಲುಗಳ ಬೇರನ್ನು ಒತ್ತುತ್ತಿರುತ್ತವೆ, ಅದಕ್ಕೇ ತುದಿಗಳು ಬೀಸಣಿಗೆಯಂತೆ ಅಗಲಿಕೊಂಡಿರುತ್ತವೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಕೋರೆಹಲ್ಲು ಇಳಿದರೆ ಸಂದು ಬಹುಪಾಲು ತಾನೇ ಮುಚ್ಚುತ್ತದೆ. ಇದಕ್ಕೆಂದು ಮನೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿ ಹಲ್ಲು ಕೂಡಿಸುವ ಪ್ರಯೋಗವನ್ನು ಯಾರೂ ಮಾಡಬಾರದು. ರಬ್ಬರ್ ಹಲ್ಲಿನ ಇಳಿಜಾರಿನಲ್ಲಿ ಮೇಲಕ್ಕೆ ಜಾರಿ ಒಸಡಿನೊಳಗೆ ಹೊಕ್ಕು, ಕಣ್ಣಿಗೆ ಕಾಣದಂತೆ ಬೇರಿನ ಸುತ್ತಲ ಮೂಳೆಯನ್ನು ತಿಂದುಹಾಕುತ್ತದೆ. ಚೆನ್ನಾಗಿದ್ದ ಎರಡೂ ಮುಂಹಲ್ಲು ಹೀಗೆ ಉದುರಿದ ಪ್ರಕರಣಗಳು ದಂತವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ.

ಹಾಗಾದರೆ ಯಾರು ಕಾಯಬಾರದು? ಬಾಯಿ ಮುಚ್ಚಿದಾಗ ಕೆಳಗಿನ ಮುಂಹಲ್ಲು ಮೇಲಿನದಕ್ಕಿಂತ ಮುಂದೆ ಬರುವ ಮಕ್ಕಳು ಮೊದಲ ಸಾಲಿನವರು. ಮೇಲಿನ ದವಡೆಯೇ ಹಿಂದೆ ಉಳಿದಿದ್ದರೆ ಮುಖಕ್ಕೆ ಕಟ್ಟುವ ಫೇಸ್ ಮಾಸ್ಕ್ ಎಂಬ ಸಾಧನದಿಂದ ಅದನ್ನು ಮುಂದೆ ತರಬಹುದು. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಸುಮಾರು ಹತ್ತು ವರ್ಷದೊಳಗೆ. ಆ ಕಾಲ ಕಳೆದು, ವ್ಯತ್ಯಾಸ ದೊಡ್ಡದಾಗಿಯೇ ಉಳಿದರೆ, ಬೆಳವಣಿಗೆ ನಿಂತ ಮೇಲೆ ದವಡೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೇಲಿನ ದವಡೆ ಕಿರಿದಾಗಿ, ಕಚ್ಚುವಾಗ ಕೆಳದವಡೆ ಒಂದು ಪಕ್ಕಕ್ಕೆ ವಾಲುವ ಮಕ್ಕಳದೂ ಇದೇ ಕಥೆ. ಅಂಗುಳಿನ ನಡುವಿನ ಬೆಸುಗೆ ಗಟ್ಟಿಯಾಗುವ ಮುಂಚೆ ಅದನ್ನು ಸುಲಭವಾಗಿ ಅಗಲಿಸಬಹುದು.

ಮೇಲಿನ ಹಲ್ಲು ತೀರಾ ಮುಂದೆ ಚಾಚಿಕೊಂಡಿದ್ದರೆ ಬಿದ್ದಾಗ ಮುರಿಯುವ ಅಪಾಯ ಹೆಚ್ಚು. ಬೇಗ ಚಿಕಿತ್ಸೆ ಮಾಡಿದರೆ ಈ ಪೆಟ್ಟು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ ಹೇಳಿದೆ. ಉಳಿದಂತೆ, ಎಂಟಕ್ಕೆ ಶುರು ಮಾಡಿ ಎರಡು ಹಂತದಲ್ಲಿ ಮಾಡಿಸಿದರೂ ಹನ್ನೆರಡಕ್ಕೆ ಒಂದೇ ಹಂತದಲ್ಲಿ ಮಾಡಿಸಿದರೂ ಕೊನೆಯ ಜೋಡಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದೂ ಅದೇ ವಿಮರ್ಶೆಯ ಮಾತು. ಆದ್ದರಿಂದ ಎಂಟು ವರ್ಷದ ಮಗುವಿಗೆ "ಈಗಲೇ ಶುರು ಮಾಡೋಣ" ಎಂದರೆ ಕಾರಣ ಕೇಳಿ. ಕೊಟ್ಟ ಕಾರಣ ಪೆಟ್ಟಿನ ಭಯವೋ, ದವಡೆಯ ಬೆಳವಣಿಗೆಯೋ, ಶಾಲೆಯಲ್ಲಿ "ಹಲ್ಲುಬ್ಬ" ಎನಿಸಿಕೊಂಡು ಮಗು ಕುಗ್ಗುತ್ತಿರುವುದೋ ಆಗಿದ್ದರೆ ಒಪ್ಪಬಹುದು. ಬೇಗ ಮಾಡಿದರೆ ಚೆನ್ನಾಗಿ ಆಗುತ್ತದೆ ಎಂಬುದಷ್ಟೇ ಆದರೆ ಸಾಲದು.

ಹತ್ತನೇ ವರ್ಷಕ್ಕೆ ಮೇಲಿನ ಕೋರೆಹಲ್ಲಿನ ಉಬ್ಬು ಒಸಡಿನ ಮೇಲೆ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಅದು ಅಂಗುಳಿನ ಕಡೆಗೆ ದಾರಿ ತಪ್ಪಿರಬಹುದು. ಸಕಾಲದಲ್ಲಿ ಎಕ್ಸ್‌ರೇ ತೆಗೆದು, ಅಲ್ಲಿರುವ ಹಾಲುಹಲ್ಲನ್ನು ಕಿತ್ತರೆ ಎಷ್ಟೋ ಮಕ್ಕಳಲ್ಲಿ ಕೋರೆಹಲ್ಲು ತಾನೇ ಸರಿದಾರಿಗೆ ಬರುತ್ತದೆ. ಬಿಟ್ಟರೆ ಪಕ್ಕದ ಹಲ್ಲಿನ ಬೇರನ್ನೇ ಕರಗಿಸಬಹುದು.

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ" ಎಂಬ ಮಾತಿನ ಬಗ್ಗೆಯೂ ಇಲ್ಲಿ ಹೇಳಬೇಕು. ಹುಳುಕಿಗೆ ಹಾಲು ದವಡೆ ಹಲ್ಲನ್ನು ಅವಧಿಗೆ ಮುಂಚೆ ಕಿತ್ತರೆ ಹಿಂದಿನ ಶಾಶ್ವತ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಮುಂದೆ ಬರಬೇಕಾದ ಹಲ್ಲಿಗೆ ಜಾಗವೇ ಉಳಿಯುವುದಿಲ್ಲ. ಹಲ್ಲು ಕೀಳಲೇಬೇಕಾದರೆ ಜಾಗ ಕಾಯುವ ಸಣ್ಣ ತಂತಿಯ ಸಾಧನವನ್ನು ಹಾಕಬಹುದೇ ಎಂದು ಅಂದೇ ಕೇಳಿ. ಮುಂದೆ ಕ್ಲಿಪ್‌ಗೆ ಹೋಗುವ ಸಾವಿರಾರು ರೂಪಾಯಿ ಉಳಿಯಬಹುದು. ಬೆರಳು ಚೀಪುವುದು, ಸದಾ ಬಾಯಲ್ಲಿ ಉಸಿರಾಡುವುದು ಕೂಡ ದವಡೆಯ ಆಕಾರ ಕೆಡಿಸುತ್ತವೆ. ಗೊರಕೆ, ಕಟ್ಟಿದ ಮೂಗು ಇದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನೂ ಕಾಣಬೇಕು.

ಪೂರ್ತಿ ಕ್ಲಿಪ್ ಹಾಕುವ ಸಾಮಾನ್ಯ ವಯಸ್ಸು ಹನ್ನೊಂದರಿಂದ ಹದಿನಾಲ್ಕು. ಕೆಳದವಡೆ ಹಿಂದೆ ಉಳಿದಿದ್ದರೆ ಟ್ವಿನ್ ಬ್ಲಾಕ್‌ನಂಥ ತೆಗೆದು ಹಾಕುವ ಸಾಧನವನ್ನು ಮಗು ಸರಸರನೆ ಬೆಳೆಯುವ ಕಾಲದಲ್ಲೇ ಕೊಡಬೇಕು. ಹೆಣ್ಣುಮಕ್ಕಳಿಗೆ ಆ ಕಾಲ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮುಂಚೆ ಬರುತ್ತದೆ. ಅಣ್ಣನಿಗೆ ಎಂಟನೇ ತರಗತಿಯಲ್ಲಿ ಹಾಕಿಸಿದೆವು, ತಂಗಿಗೂ ಆಗಲೇ ಹಾಕಿಸೋಣ ಎಂದು ಕೂರಬಾರದು.

ನಮ್ಮಲ್ಲಿ ಇನ್ನೊಂದು ಲೆಕ್ಕವೂ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಗೆ ಬೇರೆ ಊರಿನ ಹಾಸ್ಟೆಲ್ ಸೇರುವ ಮಕ್ಕಳು ಬಹಳ. ಒಂಬತ್ತನೇ ತರಗತಿಯ ಕೊನೆಗೆ ಕ್ಲಿಪ್ ಹಾಕಿಸಿದರೆ ಅರ್ಧದಲ್ಲೇ ವೈದ್ಯರು ಬದಲಾಗುತ್ತಾರೆ. ಬೇರೆಯವರು ಶುರು ಮಾಡಿದ್ದನ್ನು ಕೈಗೆತ್ತಿಕೊಳ್ಳಲು ಹಲವರು ಹಿಂಜರಿಯುತ್ತಾರೆ, ಒಪ್ಪಿದರೂ ಹೊಸದಾಗಿ ಹಣ ಕಟ್ಟಬೇಕು. ಹಲ್ಲು ಸಿದ್ಧವಾಗಿದ್ದರೆ ಆರು, ಏಳನೇ ತರಗತಿಯ ಬೇಸಿಗೆ ರಜೆ ಒಳ್ಳೆಯ ಸಮಯ.

ಹಲ್ಲು ಸರಿಯುವುದು ಹೇಗೆ

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ತೀರಾ ತೆಳುವಾದ ನಾರಿನ ಪದರವಿದೆ. ಒಂದು ಕಡೆಯಿಂದ ಮೆಲ್ಲಗೆ ಒತ್ತುತ್ತಲೇ ಇದ್ದರೆ, ಒತ್ತಡ ಬಿದ್ದ ಕಡೆ ಮೂಳೆಯನ್ನು ಕರಗಿಸುವ ಕೋಶಗಳು ಬಂದು ಸೇರುತ್ತವೆ, ಎಳೆತ ಬಿದ್ದ ಕಡೆ ಮೂಳೆಯನ್ನು ಕಟ್ಟುವ ಕೋಶಗಳು. ಗದ್ದೆಯ ಬದುವನ್ನು ಒಂದು ಮಗ್ಗುಲಲ್ಲಿ ಕಡಿದು ಇನ್ನೊಂದು ಮಗ್ಗುಲಿಗೆ ಮಣ್ಣು ಏರಿಸುತ್ತ ಬಂದರೆ ಬದುವೇ ಸರಿದಂತೆ, ಹಲ್ಲು ಕೂತ ಗುಂಡಿಯೇ ನಿಧಾನಕ್ಕೆ ಜಾಗ ಬದಲಿಸುತ್ತದೆ. ವೇಗ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಬಲ ಹೆಚ್ಚಿಸಿದರೆ ಬೇಗ ಆಗುವುದಿಲ್ಲ. ಜೋರಾಗಿ ಒತ್ತಿದರೆ ನಾರಿನ ಪದರದ ರಕ್ತಸಂಚಾರ ನಿಂತು ಹಲ್ಲು ಅಲ್ಲೇ ನಿಲ್ಲುತ್ತದೆ, ಬೇರು ಕರಗುವ ಅಪಾಯವೂ ಏರುತ್ತದೆ. ತುಂಬ ಇಕ್ಕಟ್ಟಾದ ಹಲ್ಲನ್ನು "ಆರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ" ಎನ್ನುವ ಭರವಸೆಯನ್ನು ಈ ಲೆಕ್ಕ ಇಟ್ಟುಕೊಂಡೇ ತೂಗಿ ನೋಡಿ.

ಹಲ್ಲಿಗೆ ಅಂಟಿಸುವ ಚೌಕದ ತುಂಡಿಗೆ ಬ್ರಾಕೆಟ್ ಎನ್ನುತ್ತಾರೆ. ಅದು ಹಿಡಿಕೆ ಮಾತ್ರ, ಸರಿಸುವ ಕೆಲಸ ವೈರಿನದು. ಶುರುವಿನಲ್ಲಿ ಹಾಕುವ ನಿಕ್ಕಲ್-ಟೈಟೇನಿಯಂ ವೈರ್ ಎಷ್ಟು ಬಗ್ಗಿಸಿದರೂ ಬಾಯಿಯ ಬಿಸಿಗೆ ತನ್ನ ಮೂಲ ಆಕಾರಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಲೋಹ 1970ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ಬಂತು. ಹಲ್ಲು ಒಂದು ಸಾಲಿಗೆ ಬಂದ ಮೇಲೆ ದಪ್ಪನೆಯ ಸ್ಟೀಲ್ ವೈರ್ ಹಾಕಿ ಸಂದು ಮುಚ್ಚುತ್ತಾರೆ, ಕೊನೆಗೆ ಮೇಲಿನ ಮತ್ತು ಕೆಳಗಿನ ಹಲ್ಲಿಗೆ ರಬ್ಬರ್ ಕೊಟ್ಟು ಕಚ್ಚುವಿಕೆ ಸರಿಪಡಿಸುತ್ತಾರೆ. ಆ ರಬ್ಬರನ್ನು ಹೇಳಿದಷ್ಟು ಹೊತ್ತು ಹಾಕದ ಮಗುವಿನ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು, ಕೊಪ್ಪಳದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ. ಅಂಥ ಹಲ್ಲಿಗೆ ಅಂಟು ಬಲವಾಗಿ ಹಿಡಿಯುವುದು ಕಷ್ಟ, ಬ್ರಾಕೆಟ್ ಪದೇ ಪದೇ ಉದುರುತ್ತದೆ. ಅನುಭವಸ್ಥರು ಹಲ್ಲಿನ ಮೇಲ್ಪದರವನ್ನು ಬೇರೆ ರೀತಿಯಲ್ಲಿ ಸಿದ್ಧ ಮಾಡಿಕೊಳ್ಳುತ್ತಾರೆ. ನಿಮ್ಮ ಊರಿನ ನೀರಿನ ವಿಷಯವನ್ನು ಮೊದಲ ಭೇಟಿಯಲ್ಲೇ ಹೇಳಿ.

ಯಾರ ಹತ್ತಿರ ಹೋಗಬೇಕು

ಬಿಡಿಎಸ್ ಮಾಡಿದವರು ದಂತವೈದ್ಯರು. ಅದಾದ ಮೇಲೆ ಹಲ್ಲು ಮತ್ತು ದವಡೆಯ ಜೋಡಣೆಯನ್ನೇ ವಿಷಯವಾಗಿಟ್ಟುಕೊಂಡು ಮೂರು ವರ್ಷ ಎಂಡಿಎಸ್ ಮಾಡಿದವರು ಆರ್ಥೊಡಾಂಟಿಸ್ಟ್. ಎಂಡಿಎಸ್ ಎಂದಷ್ಟೇ ನೋಡಿ ಸಮಾಧಾನಪಡಬೇಡಿ. ಒಸಡಿನ ತಜ್ಞರೂ ರೂಟ್ ಕೆನಾಲ್ ತಜ್ಞರೂ ಎಂಡಿಎಸ್ ಮಾಡಿದವರೇ. ಬೋರ್ಡಿನ ಮೇಲೆ 'ಆರ್ಥೊಡಾಂಟಿಕ್ಸ್' ಎಂಬ ಪದ ಇದೆಯೇ ನೋಡಿ. ಕೆಲವೇ ದಿನಗಳ ತರಬೇತಿ ಪಡೆದು ಕ್ಲಿಪ್ ಹಾಕುವವರೂ ಇದ್ದಾರೆ. ಸ್ವಲ್ಪ ಸೊಟ್ಟ ಹಲ್ಲು ಅವರಿಂದಲೂ ಸರಿಯಾದೀತು, ಆದರೆ ಮಗುವಿನ ತೊಂದರೆ ಸ್ವಲ್ಪದ್ದೋ ದವಡೆಯದ್ದೋ ಎಂದು ಗುರುತಿಸುವುದಕ್ಕೇ ಆ ಮೂರು ವರ್ಷದ ಓದು ಬೇಕು. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ವೈದ್ಯರ ಹೆಸರು ರಾಜ್ಯ ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ.

ತಾಲ್ಲೂಕು ಊರುಗಳಲ್ಲಿ, ಬೆಂಗಳೂರಿನ ಬಡಾವಣೆಗಳಲ್ಲೂ, ಕ್ಲಿನಿಕ್ ಒಬ್ಬರದು, ಆರ್ಥೊಡಾಂಟಿಸ್ಟ್ ತಿಂಗಳಲ್ಲಿ ಒಂದೆರಡು ದಿನ ಬಂದು ಹೋಗುವವರು ಎಂಬ ಪದ್ಧತಿ ಹೆಚ್ಚು. ಇದರಲ್ಲಿ ತಪ್ಪೇನಿಲ್ಲ, ಅವರು ಇಲ್ಲದಿದ್ದರೆ ಎಷ್ಟೋ ಊರಿನ ಮಕ್ಕಳಿಗೆ ತಜ್ಞರೇ ಸಿಗುತ್ತಿರಲಿಲ್ಲ. ಕೆಲವು ಸಂಗತಿ ಮಾತ್ರ ಸ್ಪಷ್ಟವಾಗಬೇಕು. ಬರುವವರ ಹೆಸರೇನು, ಅವರೇ ಕೊನೆಯವರೆಗೂ ನೋಡುತ್ತಾರಾ, ಬರುವ ದಿನ ಯಾವುದು? ನಡುವೆ ಬ್ರಾಕೆಟ್ ಬಿದ್ದರೆ ಅಥವಾ ವೈರ್ ಕೆನ್ನೆಗೆ ಚುಚ್ಚಿದರೆ ಯಾರು ನೋಡುತ್ತಾರೆ? ಚಿಕಿತ್ಸೆಯ ಯೋಜನೆ ಮಾಡಿದವರು ಒಬ್ಬರು, ಪ್ರತಿ ತಿಂಗಳು ವೈರ್ ಬದಲಿಸುವವರು ಇನ್ನೊಬ್ಬರು ಎಂದಾದರೆ ನಾನು ಮುಂದಿನ ಕ್ಲಿನಿಕ್ ನೋಡಿಕೊಳ್ಳುತ್ತೇನೆ.

ಒಳ್ಳೆಯ ತಜ್ಞರ ಗುರುತು ಮೊದಲ ಭೇಟಿಯಲ್ಲೇ ಸಿಗುತ್ತದೆ. ಬಾಯಿ ತೆರೆಸಿ ನೋಡಿ ನಿಂತ ಕಾಲಲ್ಲೇ ದರ ಹೇಳುವುದಿಲ್ಲ. ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್, ಮುಖದ ಮತ್ತು ಹಲ್ಲಿನ ಫೋಟೊ, ಎಲ್ಲ ಹಲ್ಲೂ ಕಾಣುವ ಓಪಿಜಿ ಎಕ್ಸ್‌ರೇ, ಪಕ್ಕದಿಂದ ತೆಗೆಯುವ ಸೆಫಲೋಗ್ರಾಮ್ ಎಕ್ಸ್‌ರೇ, ಇಷ್ಟನ್ನು ಇಟ್ಟುಕೊಂಡು ಅಳತೆ ಮಾಡಿ ಇನ್ನೊಂದು ದಿನ ಕರೆಯುತ್ತಾರೆ. ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ, ಅದರಲ್ಲಿ ವಿಕಿರಣ ಹೆಚ್ಚು. ಮೂಳೆಯಲ್ಲಿ ಹೂತ ಕೋರೆಹಲ್ಲಿನಂಥ ಕಾರಣ ಇದ್ದರೆ ಮಾತ್ರ ಸರಿ. ಹುಳುಕು, ಒಸಡಿನ ರಕ್ತ ಇದ್ದರೆ ಅದನ್ನು ಮೊದಲು ವಾಸಿ ಮಾಡಿಸಿ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಬಿದ್ದು ಮುಂಹಲ್ಲಿಗೆ ಪೆಟ್ಟಾಗಿತ್ತೇ ಎಂದು ಕೇಳುತ್ತಾರೆ, ಏಕೆಂದರೆ ಅಂಥ ಹಲ್ಲು ಮೂಳೆಗೆ ಬೆಸೆದುಕೊಂಡು ಸರಿಯದೇ ಇರಬಹುದು.

ಹಲ್ಲು ಕೀಳುವ ಮಾತು ಬಂದಾಗ ಎಲ್ಲರ ಮನೆಯಲ್ಲೂ ಕಳವಳ. ದವಡೆ ಚಿಕ್ಕದು, ಹಲ್ಲು ದೊಡ್ಡದು ಆದಾಗ, ಅಥವಾ ಹಲ್ಲಿನ ಜೊತೆ ತುಟಿಯೂ ಮುಂದೆ ಬಂದಿದ್ದಾಗ, ನಾಲ್ಕು ಮುಂದವಡೆ ಹಲ್ಲು ತೆಗೆದು ಆ ಜಾಗ ಬಳಸುವುದು ಹಳೆಯ, ಪರೀಕ್ಷಿತ ದಾರಿ. ಕೀಳದೆ ದವಡೆ ಅಗಲಿಸುವುದು, ಹಲ್ಲಿನ ಪಕ್ಕ ಕೂದಲೆಳೆಯಷ್ಟು ಉಜ್ಜುವುದು ಕೂಡ ಕೆಲವರಿಗೆ ಹೊಂದುತ್ತವೆ. "ನಾವು ಹಲ್ಲು ಕೀಳುವುದೇ ಇಲ್ಲ" ಎಂದು ಜಾಹೀರಾತು ಮಾಡುವವರನ್ನೂ ಎಲ್ಲರಿಗೂ ನಾಲ್ಕು ಕೀಳಿಸುವವರನ್ನೂ ಒಂದೇ ಅನುಮಾನದಿಂದ ನೋಡಿ. ಕಿತ್ತರೆ ಏನಾಗುತ್ತದೆ, ಕೀಳದಿದ್ದರೆ ಏನಾಗುತ್ತದೆ ಎಂದು ಎರಡನ್ನೂ ನಿಮ್ಮ ಮಗುವಿನದೇ ಅಚ್ಚು ತೋರಿಸಿ ಬಿಡಿಸಿ ಹೇಳುವವರು ಸಿಕ್ಕರೆ ನೆಮ್ಮದಿಯಿಂದ ಒಪ್ಪಬಹುದು. ಅನುಮಾನ ಉಳಿದರೆ ಎಕ್ಸ್‌ರೇಗಳ ಪ್ರತಿ ತೆಗೆದುಕೊಂಡು ಇನ್ನೊಬ್ಬರ ಅಭಿಪ್ರಾಯ ಕೇಳಿ. ಹಲ್ಲು ಕಿತ್ತ ಮೇಲೆ ಮರುಯೋಚನೆಗೆ ಅವಕಾಶವಿಲ್ಲ.

ಲೋಹದ್ದೋ, ಸೆರಾಮಿಕ್ಕೋ, ಅಲೈನರೋ ಎಂಬ ಚರ್ಚೆಗೆ ಕ್ಲಿನಿಕ್‌ಗಳು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಮಕ್ಕಳಿಗೆ ಲೋಹದ್ದೇ ಸಾಕು, ಗಟ್ಟಿ, ಅಗ್ಗ. ಹಲ್ಲಿಗೆ ಹೊದಿಸಿ ತೆಗೆಯುವ ಪಾರದರ್ಶಕ ಅಲೈನರ್ ಆದರೋ ದಿನಕ್ಕೆ 20ರಿಂದ 22 ಗಂಟೆ ಹಾಕಿದರೆ ಮಾತ್ರ ಫಲ. ಊಟದ ಡಬ್ಬಿಯನ್ನೇ ಶಾಲೆಯಲ್ಲಿ ಮರೆತು ಬರುವ ವಯಸ್ಸಿಗೆ ಅದು ಹೊಂದುವುದು ಕಡಿಮೆ.

ಖರ್ಚು

ನಮ್ಮ ದೊಡ್ಡ ಊರುಗಳ ಖಾಸಗಿ ಕ್ಲಿನಿಕ್‌ಗಳಲ್ಲಿ ಲೋಹದ ಕ್ಲಿಪ್‌ಗೆ ಸುಮಾರು 30ರಿಂದ 60 ಸಾವಿರ ರೂಪಾಯಿ ಕೇಳುವುದುಂಟು. ಸೆರಾಮಿಕ್ ಅದಕ್ಕಿಂತ ಹೆಚ್ಚು, ಅಲೈನರ್ ಲಕ್ಷ ದಾಟುವುದು ಸಾಮಾನ್ಯ. ಹೇಳಿದ ಮೊತ್ತದಲ್ಲಿ ಎಕ್ಸ್‌ರೇ, ಹಲ್ಲು ಕೀಳುವುದು, ಬಿದ್ದ ಬ್ರಾಕೆಟ್ ಮತ್ತೆ ಅಂಟಿಸುವುದು, ಕ್ಲಿಪ್ ತೆಗೆದ ಮೇಲೆ ಹಾಕುವ ರಿಟೇನರ್ ಇವೆಲ್ಲ ಸೇರಿವೆಯೇ ಎಂದು ಬರೆಸಿಕೊಳ್ಳಿ. ಹಣವನ್ನು ಕಂತಿನಲ್ಲಿ ಕಟ್ಟುವುದು ಎಲ್ಲ ಕಡೆ ರೂಢಿ. ಪೂರ್ತಿ ಮೊತ್ತ ಮೊದಲೇ ಕಟ್ಟಿದರೆ ರಿಯಾಯಿತಿ ಎಂದರೂ ಕಂತೇ ಕ್ಷೇಮ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಇದಕ್ಕೆ ಹಣ ಸಿಗುವುದಿಲ್ಲ.

ಇಷ್ಟು ಭರಿಸಲಾಗದವರು ಕೈಚೆಲ್ಲಬೇಕಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಧಾರವಾಡ, ದಾವಣಗೆರೆ, ಮೈಸೂರು, ಮಂಗಳೂರು, ಮಣಿಪಾಲ, ಬೆಳಗಾವಿಯಲ್ಲಿ ಸ್ನಾತಕೋತ್ತರ ಆರ್ಥೊಡಾಂಟಿಕ್ಸ್ ವಿಭಾಗವಿರುವ ದಂತ ಕಾಲೇಜುಗಳಿವೆ. ಅಲ್ಲಿ ಎಂಡಿಎಸ್ ಓದುತ್ತಿರುವ ವೈದ್ಯರು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ, ದರ ಖಾಸಗಿಗಿಂತ ಬಹಳ ಕಡಿಮೆ. ಪ್ರತಿ ಹೆಜ್ಜೆಯನ್ನೂ ಹಿರಿಯರು ನೋಡುವುದರಿಂದ ಗುಣಮಟ್ಟದ ಭಯ ಬೇಡ. ಕಾಯುವ ಹೊತ್ತು ಹೆಚ್ಚು, ಓಪಿಡಿ ಶಾಲೆಯ ವೇಳೆಯಲ್ಲೇ ಇರುತ್ತದೆ, ಓದು ಮುಗಿಸಿ ಹೋದ ವೈದ್ಯರ ಬದಲು ಇನ್ನೊಬ್ಬರು ಬರಬಹುದು. ಕೋರ್ಸಿನ ಮೊದಲ ವರ್ಷದವರ ಕೈಗೆ ಮಗು ಸಿಕ್ಕರೆ ಕೊನೆಯವರೆಗೂ ಅವರೇ ನೋಡುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ

ಹಾಕಿದ ಮೊದಲ ಮೂರು ನಾಲ್ಕು ದಿನ ಹಲ್ಲು ನೋಯುತ್ತದೆ. ಗಂಜಿ, ಮೊಸರನ್ನ, ಮುದ್ದೆ, ಸಾರಲ್ಲಿ ನೆನೆಸಿದ ಇಡ್ಲಿ ಸಾಕು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಿ. ಕೆನ್ನೆ, ತುಟಿ ಉಜ್ಜಿ ಹುಣ್ಣಾದರೆ ಕ್ಲಿನಿಕ್‌ನಲ್ಲಿ ಕೊಡುವ ಮೇಣವನ್ನು ಬ್ರಾಕೆಟ್ ಮೇಲೆ ಒತ್ತಿ, ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲಿ.

ಆಮೇಲೂ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕಡಲೆಮಿಠಾಯಿ, ಕಬ್ಬು, ಗಟ್ಟಿ ಸೀಬೆಕಾಯಿ, ಖಡಕ್ ರೊಟ್ಟಿ ಬೇಡ. ಗಣಪತಿ ಹಬ್ಬ, ದೀಪಾವಳಿ ಕಳೆದ ವಾರ ಬ್ರಾಕೆಟ್ ಉದುರಿಸಿಕೊಂಡು ಬರುವ ಮಕ್ಕಳು ಹೆಚ್ಚು. ಸೇಬನ್ನು ಕಚ್ಚುವ ಬದಲು ಹೆಚ್ಚಿ ಕೊಡಿ. ಸೆರಾಮಿಕ್ ಹಾಕಿಸಿದವರಿಗೆ ನಮ್ಮ ಅಡುಗೆಯ ಅರಿಶಿನ ಒಂದು ತೊಡಕು. ಬ್ರಾಕೆಟ್ ಬಿಳಿಯಾಗಿಯೇ ಉಳಿದರೂ ಅದನ್ನು ಕಟ್ಟಿದ ಪಾರದರ್ಶಕ ರಬ್ಬರ್ ಎರಡು ಊಟಕ್ಕೆ ಹಳದಿಯಾಗುತ್ತದೆ. ಮಕ್ಕಳಿಗೆ ಗಾಢ ಬಣ್ಣದ ರಬ್ಬರ್ ಆರಿಸಿಕೊಳ್ಳಲು ಬಿಟ್ಟರೆ ಖುಷಿಯೂ ಆಗುತ್ತದೆ, ಕಲೆಯೂ ಕಾಣುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಉಜ್ಜುವುದು. ಬ್ರಾಕೆಟ್ ಸುತ್ತ ಕೂತ ಊಟದ ಚೂರು ಒಂದೇ ತಿಂಗಳಲ್ಲಿ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಮೂಡಿಸಬಲ್ಲದು. ಕ್ಲಿಪ್ ತೆಗೆದಾಗ ನೇರವಾದ ಸಾಲಿನಲ್ಲಿ ಮಚ್ಚೆಗಳೂ ಉಳಿಯುತ್ತವೆ. ಪ್ರತಿ ಊಟದ ನಂತರ ಫ್ಲೋರೈಡ್ ಪೇಸ್ಟ್ ಹಾಕಿ, ವೈರಿನ ಮೇಲೊಮ್ಮೆ ಕೆಳಗೊಮ್ಮೆ ಉಜ್ಜಿಸಿ. ಸಂದಿಗೆ ಹೋಗುವ ಪುಟ್ಟ ಬ್ರಷ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹನ್ನೆರಡು ವರ್ಷದ ಮಗುವಾದರೂ ರಾತ್ರಿ ಒಮ್ಮೆ ನೀವೇ ಬಾಯಿ ತೆರೆಸಿ ನೋಡಿ. ಬಾಯಿ ಸ್ವಚ್ಛವಾಗಿಡದ ಮಗುವಿಗೆ ಚಿಕಿತ್ಸೆ ನಿಲ್ಲಿಸುತ್ತೇನೆ ಎನ್ನುವ ವೈದ್ಯರ ಮೇಲೆ ಸಿಟ್ಟಾಗಬೇಡಿ, ಅವರು ಹಲ್ಲನ್ನು ಉಳಿಸುತ್ತಿದ್ದಾರೆ.

ಕ್ಲಿಪ್ ತೆಗೆದ ಮೇಲೆ

ಸರಿದ ಹಲ್ಲಿನ ಸುತ್ತ ಹೊಸ ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು, ಒಸಡಿನ ನಾರುಗಳು ಒಂದು ವರ್ಷದವರೆಗೂ ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತವೆ. ಇದನ್ನು ತಡೆಯುವುದೇ ರಿಟೇನರ್. ಹಲ್ಲಿನ ಹಿಂದೆ ಅಂಟಿಸುವ ಸಣ್ಣ ತಂತಿ ಒಂದು ಬಗೆ, ತೆಗೆದು ಹಾಕುವ ಪ್ಲೇಟ್ ಅಥವಾ ಪಾರದರ್ಶಕ ಹೊದಿಕೆ ಇನ್ನೊಂದು. ಮೊದಲ ಕೆಲವು ತಿಂಗಳು ಹೆಚ್ಚುಕಡಿಮೆ ಇಡೀ ದಿನ, ಆಮೇಲೆ ರಾತ್ರಿ ಮಾತ್ರ, ವರ್ಷಗಟ್ಟಲೆ. ಎರಡು ವರ್ಷದ ಕಷ್ಟ, ಅಷ್ಟೊಂದು ಹಣ ಎರಡೂ ಹಾಳಾಗುವುದು ಇಲ್ಲೇ. ಕ್ಲಿಪ್ ತೆಗೆದ ಖುಷಿಯಲ್ಲಿ ವೈದ್ಯರ ಕಡೆ ಮುಖ ಹಾಕುವುದೇ ನಿಂತುಬಿಡುತ್ತದೆ. ಮಗು ಹಾಸ್ಟೆಲ್‌ಗೆ ಹೊರಟರೆ ಬಟ್ಟೆಯ ಪಟ್ಟಿಯಲ್ಲೇ ರಿಟೇನರ್ ಡಬ್ಬಿಯನ್ನೂ ಬರೆಯಿರಿ. ಪೇಪರ್ ನ್ಯಾಪ್ಕಿನ್‌ನಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿಗೆ ಹೋಗುವುದೇ ಹೆಚ್ಚು, ಬಿಸಿನೀರಲ್ಲಿ ತೊಳೆದರೆ ಪ್ಲಾಸ್ಟಿಕ್ ಆಕಾರ ಕೆಡುತ್ತದೆ. ಕಳೆದುಹೋದರೆ ಅಥವಾ ಮುರಿದರೆ ಮುಂದಿನ ರಜೆಗೆ ಕಾಯದೆ ಅದೇ ವಾರ ಹೊಸದು ಮಾಡಿಸಿ. ತಡವಾದರೆ ಹಲ್ಲು ಸರಿದಿರುತ್ತದೆ, ಮತ್ತೆ ಸಾಲಿಗೆ ತರಲು ಇನ್ನೊಮ್ಮೆ ಕ್ಲಿಪ್ ಹಾಕಿಸಬೇಕಾಗುತ್ತದೆ.